ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು: ಫಿಶ್‌ಬೋನ್ ತಂಡದ ತಿರುಗಾಟದ ಕತೆ

ಅಮೆರಿಕದ ರಾಕ್ ಸಂಗೀತದ ಚರಿತ್ರೆ ಓದುವಾಗಲೆಲ್ಲ ನನಗೊಂದು ಕಿರಿಕಿರಿ. ಯಾವ ಆಲ್ಬಂ ಎಷ್ಟು ಲಕ್ಷ ಮಾರಾಟವಾಯಿತು, ಚಾರ್ಟಿನಲ್ಲಿ ಎಷ್ಟನೇ ಸ್ಥಾನಕ್ಕೆ ಏರಿತು, ಯಾರಿಗೆ ಗ್ರ್ಯಾಮಿ ಬಂತು… ಬರೀ ಇದೇ ಲೆಕ್ಕ. ಮಾರಾಟವಾದವರು ಚರಿತ್ರೆಯ ಒಳಗೆ, ಆಗದವರು ಅಡಿಟಿಪ್ಪಣಿಯಲ್ಲಿ. ಹಾಗಾದರೆ ರೆಕಾರ್ಡಿಗಿಂತ ವೇದಿಕೆಯ ಮೇಲೇ ಹೆಚ್ಚು ಬದುಕಿದವರನ್ನು ಎಲ್ಲಿಡುವುದು? ಅವರು ಮಾಡಿದ ಕೆಲಸ ಆ ರಾತ್ರಿಯೇ, ಆ ಹಾಲಿನಲ್ಲೇ ಮುಗಿದುಹೋಗುತ್ತೆ. ನೋಡಿದವರ ನೆನಪು ಬಿಟ್ಟರೆ ಬೇರೆ ಸಾಕ್ಷಿ ಕಡಿಮೆ.

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದ್ದು ಫಿಶ್‌ಬೋನ್ ಅನ್ನೋ ತಂಡದಿಂದ. 1979ರಲ್ಲಿ ಲಾಸ್ ಏಂಜಲೀಸಿನಲ್ಲಿ ಶುರುವಾದ ತಂಡ. ಫಂಕ್, ರಾಕ್, ಪಂಕ್, ಸ್ಕಾ ಎಲ್ಲ ಕಲಸಿ ನುಡಿಸುವವರು. ಇವರ ಹೆಸರು ಕೇಳದವರೇ ಹೆಚ್ಚು, ಆದರೆ ಇವರನ್ನು ನೋಡಿ ಕಲಿತವರ ಹೆಸರು ಎಲ್ಲರಿಗೂ ಗೊತ್ತು. ಹೆಚ್ಚು ಕಡಿಮೆ ನಲವತ್ತೈದು ವರ್ಷದಿಂದ ಊರೂರು ತಿರುಗಿ ನುಡಿಸುತ್ತಲೇ ಇದ್ದಾರೆ. ಅದರಲ್ಲಿ ಬಹುಪಾಲು ವರ್ಷ ಹಿಂದೆ ದೊಡ್ಡ ಕಂಪನಿಯೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ಹಾಗಿದ್ದೂ ಯಾಕೆ ತಿರುಗಿದರು? ಆ ಕತೆ ಹೇಳಬೇಕು ಅನ್ನಿಸಿದೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಮೊದಲು ಫಂಕ್ ಅಂದರೇನು ಅಂತ ಎರಡು ಮಾತು. ನಾಲ್ಕು ಎಣಿಕೆಯ ತಾಳ ಹಾಕಿಕೊಳ್ಳಿ: ಒಂದು, ಎರಡು, ಮೂರು, ನಾಲ್ಕು. ಸಾಮಾನ್ಯ ರಾಕ್ ಅಂಡ್ ರೋಲ್‌ನಲ್ಲಿ ಡ್ರಮ್ಮಿನ ಜೋರು ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. 1960ರ ದಶಕದ ನಡುವಿನಲ್ಲಿ ಜೇಮ್ಸ್ ಬ್ರೌನ್ ಇದನ್ನು ತಿರುಗಿಸಿದ. ಬೇರೆ ಕಡೆ ಏನು ಬೇಕಾದರೂ ಮಾಡಿ, ಆದರೆ ಒಂದರ ಮೇಲೆ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು ಅಂದ. ನಮ್ಮ ಸಂಗೀತದ ಮಾತಿನಲ್ಲಿ ಹೇಳಿದರೆ ಸಮಕ್ಕೆ ಬರುವುದು. ಗಿಟಾರ್, ಕಹಳೆ, ಬೇಸ್, ಎಲ್ಲವೂ ತಾಳವಾದ್ಯಗಳೇ ಆಗಿಬಿಡುತ್ತವೆ. ರಾಗಕ್ಕಿಂತ ಲಯ ಮುಖ್ಯ, ಲಯಕ್ಕಿಂತ ಲಯದ ನಡುವಿನ ಖಾಲಿ ಜಾಗ ಮುಖ್ಯ. ಕೂತು ಕೇಳುವ ಸಂಗೀತವೇ ಅಲ್ಲ ಅದು. ಕಾಲು ತಾನಾಗಿ ಅಲ್ಲಾಡದೇ ಇದ್ದರೆ ನುಡಿಸಿದವರು ಸೋತಂತೆ.

ಇದಕ್ಕೆ ರಾಕ್ ಗಿಟಾರಿನ ಅಬ್ಬರ ಸೇರಿಸಿದವರು ಸ್ಲೈ ಸ್ಟೋನ್, ಜಿಮಿ ಹೆಂಡ್ರಿಕ್ಸ್ ಮತ್ತು ಜಾರ್ಜ್ ಕ್ಲಿಂಟನ್‌ನ ಫಂಕಡೆಲಿಕ್ ತಂಡ. 1969ರ ವುಡ್‌ಸ್ಟಾಕ್‌ನಲ್ಲಿ ಸ್ಲೈ ತಂಡ ಕರಿಯರು, ಬಿಳಿಯರು, ಗಂಡಸರು, ಹೆಂಗಸರು ಎಲ್ಲ ಒಟ್ಟಿಗೆ ನಿಂತು ನುಡಿಸಿತು. ಕ್ಲಿಂಟನ್ 1976ರ ತಿರುಗಾಟದಲ್ಲಿ ವೇದಿಕೆಗೆ ಒಂದು ಅಂತರಿಕ್ಷ ನೌಕೆಯನ್ನೇ ಇಳಿಸಿದ! ಸಂಗೀತ ಕಚೇರಿ ಅನ್ನುವುದಕ್ಕಿಂತ ಜಾತ್ರೆ ಅನ್ನಬೇಕು. ಫಿಶ್‌ಬೋನ್ ಹುಡುಗರು ಬೆಳೆದದ್ದು ಇದನ್ನೆಲ್ಲ ಕೇಳಿಕೊಂಡು.

ಆದರೆ ಬರೀ ಫಂಕ್ ಕೇಳಿ ಬೆಳೆದಿದ್ದರೆ ಫಿಶ್‌ಬೋನ್ ಹುಟ್ಟುತ್ತಿರಲಿಲ್ಲ. ಅದಕ್ಕೆ ಒಂದು ಕೋರ್ಟ್ ಕೇಸು ಬೇಕಾಯಿತು, ಒಂದು ಶಾಲಾ ಬಸ್ಸು ಬೇಕಾಯಿತು.

ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಶಾಲೆ ಇರುವುದು ತಪ್ಪು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಆದರೆ ಲಾಸ್ ಏಂಜಲೀಸಿನಂಥ ಊರಿನಲ್ಲಿ ಕಾನೂನು ಬೇಕಾಗಿಯೇ ಇರಲಿಲ್ಲ. ಕರಿಯರ ಕೇರಿ ಒಂದು ಕಡೆ, ಬಿಳಿಯರ ಬಡಾವಣೆ ಇನ್ನೊಂದು ಕಡೆ ಇದ್ದ ಮೇಲೆ ಶಾಲೆಗಳೂ ತಾವಾಗಿ ಬೇರೆಯಾಗಿಯೇ ಇದ್ದವು. 1963ರಲ್ಲಿ ಹಾಕಿದ ಒಂದು ದಾವೆ ಹದಿನೈದು ವರ್ಷ ಎಳೆದಾಡಿ, ಕೊನೆಗೆ 1978ರ ಸೆಪ್ಟೆಂಬರಿನಲ್ಲಿ ಊರಿನ ಶಾಲಾ ಮಂಡಳಿ ಮಕ್ಕಳನ್ನು ಕಡ್ಡಾಯವಾಗಿ ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗಳಿಗೆ ಕಳಿಸಲು ಶುರುಮಾಡಿತು. ಸ್ಯಾನ್ ಫರ್ನಾಂಡೋ ಕಣಿವೆಯ ಬಿಳಿಯ ಪಾಲಕರು ಸಿಟ್ಟಾದರು. ಇದನ್ನು ನಿಲ್ಲಿಸಲು ಅವರು ಕಟ್ಟಿಕೊಂಡಿದ್ದ ಸಂಘದ ಹೆಸರು 'ಬಸ್‌ಸ್ಟಾಪ್'. 1979ರಲ್ಲಿ ರಾಜ್ಯದ ಮತದಾರರು ಕಡ್ಡಾಯ ಬಸ್ಸಿಗೆ ಕಡಿವಾಣ ಹಾಕುವ ತಿದ್ದುಪಡಿ ತಂದರು. 1981ರಲ್ಲಿ ಆ ಬಸ್ಸುಗಳು ನಿಂತೇ ಹೋದವು. ಅಂದರೆ ಎಲ್ಲ ಸೇರಿ ಮೂರು ವರ್ಷವೂ ನಡೆಯಲಿಲ್ಲ.

ಆ ಸಣ್ಣ ಕಿಟಕಿಯಲ್ಲೇ ಈ ತಂಡ ತೂರಿಕೊಂಡು ಬಂತು. ಸೌತ್ ಸೆಂಟ್ರಲ್ ಎಂಬ ಕರಿಯರ ಬಡಾವಣೆಯಿಂದ ಸುಮಾರು 40 ಕಿಲೋಮೀಟರ್ ದೂರದ ವುಡ್‌ಲ್ಯಾಂಡ್ ಹಿಲ್ಸ್‌ನ ಹೇಲ್ ಜೂನಿಯರ್ ಹೈಸ್ಕೂಲಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗರಲ್ಲಿ ನಾರ್ವುಡ್ ಫಿಶರ್ (ಬೇಸ್ ಗಿಟಾರ್) ಇದ್ದ. ಅವನ ತಮ್ಮ ಫಿಲಿಪ್ (ಡ್ರಮ್ಸ್, ಎಲ್ಲರೂ ಕರೆಯುವುದು 'ಫಿಶ್' ಅಂತ), ಕೆಂಡಲ್ ಜೋನ್ಸ್ (ಗಿಟಾರ್), ಕ್ರಿಸ್ ಡೌಡ್ (ಕೀಬೋರ್ಡ್, ಟ್ರಾಂಬೋನ್), ವಾಲ್ಟರ್ ಕಿಬ್ಬಿ (ಟ್ರಂಪೆಟ್), ಹೀಗೆ ಒಂದು ಗುಂಪು. ಇವರಿಗೆ ಅಲ್ಲಿ ಸಿಕ್ಕವನು ಆಂಜೆಲೊ ಮೂರ್. ಅವನೂ ಕರಿಯನೇ, ಆದರೆ ಮನೆ ಇದ್ದದ್ದು ಬಿಳಿಯರ ಕಣಿವೆಯಲ್ಲೇ. ಸ್ಯಾಕ್ಸೊಫೋನ್ ಊದುತ್ತಿದ್ದ. ಬಸ್ಸಿನ ಹುಡುಗರು ತಂದದ್ದು ಫಂಕ್. ಆ ಕಡೆಯ ಶಾಲೆಯಲ್ಲಿ ಸಿಕ್ಕಿದ್ದು ಪಂಕ್ ಮತ್ತು ಹಾರ್ಡ್ ರಾಕ್. ಅದೇ ಹೊತ್ತಿಗೆ ಇಂಗ್ಲೆಂಡಿನ ಕವೆಂಟ್ರಿಯಿಂದ ಜಮೈಕಾದ ಹಳೆಯ ಸ್ಕಾ ಸಂಗೀತ ಹೊಸ ವೇಷ ಹಾಕಿಕೊಂಡು ಬಂದಿತ್ತು. ಅದೂ ಸೇರಿಕೊಂಡಿತು. ಎಲ್ಲರಿಗೂ ಹದಿಮೂರು ಹದಿನಾಲ್ಕರ ಆಸುಪಾಸು.

ಇಲ್ಲಿ ಒಂದು ಸ್ವಾರಸ್ಯ ಇದೆ. ಫಂಕ್ ಒತ್ತು ಕೊಡುವುದು ಮೊದಲ ಎಣಿಕೆಗೆ. ಸ್ಕಾ ಒತ್ತು ಕೊಡುವುದು ಎರಡು ಎಣಿಕೆಗಳ ನಡುವಿನ ಅರ್ಧಕ್ಕೆ. ಒಂದು ನಿಮ್ಮನ್ನು ನೆಲಕ್ಕೆ ಎಳೆದರೆ ಇನ್ನೊಂದು ನೆಲದಿಂದ ಎತ್ತುತ್ತೆ. ಇದರ ಮೇಲೆ ಪಂಕಿನ ವೇಗ ಬೇರೆ. ಫಿಶ್‌ಬೋನ್ ಒಂದೇ ಹಾಡಿನೊಳಗೆ ಇವುಗಳ ನಡುವೆ ದಾಟಿಬಿಡುತ್ತೆ. ಕೇಳುವ ಮೈಗೆ ಯಾವುದಕ್ಕೆ ಹೊಂದಿಕೊಳ್ಳಬೇಕೋ ತಿಳಿಯದೆ ಕುಣಿಯಲು ಶುರುಮಾಡುತ್ತೆ. ನನ್ನ ಮಟ್ಟಿಗೆ ಇವರ ಸಂಗೀತದ ಗುಟ್ಟು ಇಷ್ಟೇ. ಆದರೆ ಇದು ಕೆಲಸ ಮಾಡುವುದು ಎದುರಿಗೆ ಮೈಗಳು ಇದ್ದಾಗ. ಮನೆಯಲ್ಲಿ ಕೂತು ಕ್ಯಾಸೆಟ್ ಹಾಕಿಕೊಂಡವನಿಗೆ ಗಲಿಬಿಲಿ ಅನ್ನಿಸಿದರೂ ಆಶ್ಚರ್ಯವಿಲ್ಲ.

ಲಾಸ್ ಏಂಜಲೀಸಿನ ಪಂಕ್ ಕ್ಲಬ್ಬುಗಳಲ್ಲಿ ಇವರು ಹೆಸರು ಮಾಡಿದರು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ ಕೊಲಂಬಿಯಾ ರೆಕಾರ್ಡ್ಸ್ ಕರೆದುಕೊಂಡಿತು. 1985ರಲ್ಲಿ ತಂಡದ ಹೆಸರನ್ನೇ ಹೊತ್ತ ಪುಟ್ಟ ರೆಕಾರ್ಡ್ ಬಂತು, ನಿರ್ಮಾಪಕ ಡೇವಿಡ್ ಕಾನ್. ಅದರಲ್ಲಿನ 'ಪಾರ್ಟಿ ಅಟ್ ಗ್ರೌಂಡ್ ಝೀರೊ' ಅಣುಬಾಂಬು ಬೀಳುವ ಹೊತ್ತಿನಲ್ಲಿ ನಡೆಯುವ ಒಂದು ಪಾರ್ಟಿಯ ಬಗ್ಗೆ. ರೇಗನ್ ಕಾಲದ ಶೀತಲ ಸಮರದ ಭಯವನ್ನು ಕುಣಿಯುತ್ತಾ ಹೇಳಿದ ಹಾಡು. 1986ರಲ್ಲಿ 'ಇನ್ ಯುವರ್ ಫೇಸ್', 1988ರಲ್ಲಿ 'ಟ್ರುತ್ ಅಂಡ್ ಸೋಲ್'. ಇದರ ನಡುವೆ 1987ರಲ್ಲಿ ಬೀಸ್ಟಿ ಬಾಯ್ಸ್ ತಂಡದ ದೊಡ್ಡ ತಿರುಗಾಟದಲ್ಲಿ ಮೊದಲಿಗೆ ನುಡಿಸುವ ತಂಡವಾಗಿಯೂ ಊರೂರು ಸುತ್ತಿದರು.

ವಿಮರ್ಶಕರು ಹೊಗಳಿದರು, ಕ್ಲಬ್ಬುಗಳು ತುಂಬಿದವು, ರೆಕಾರ್ಡ್ ಮಾತ್ರ ಆ ಮಟ್ಟಕ್ಕೆ ಓಡಲಿಲ್ಲ. ಯಾಕೆ?

ಇದಕ್ಕೆ ಉತ್ತರ ಸಂಗೀತದಲ್ಲಿಲ್ಲ, ಅಂಗಡಿಯ ಶೆಲ್ಫಿನಲ್ಲಿದೆ. ಅಮೆರಿಕದ ರೆಕಾರ್ಡ್ ಕಂಪನಿಗಳು 1920ರ ದಶಕದಲ್ಲೇ ಕರಿಯರ ಹಾಡುಗಳನ್ನು 'ರೇಸ್ ರೆಕಾರ್ಡ್ಸ್' ಅಂತ ಬೇರೆಯಾಗಿ ಮಾರುತ್ತಿದ್ದವು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಪಟ್ಟಿಗೆ 'ರಿದಮ್ ಅಂಡ್ ಬ್ಲೂಸ್' ಅಂತ ಹೆಸರಿಟ್ಟಿತು. 1969ರಲ್ಲಿ ಅದು 'ಸೋಲ್' ಆಯಿತು, 1982ರಲ್ಲಿ ನೇರವಾಗಿ 'ಬ್ಲ್ಯಾಕ್' ಅಂತಲೇ ಆಯಿತು, 1990ರಲ್ಲಿ ಮತ್ತೆ ಆರ್ ಅಂಡ್ ಬಿ. ಹೆಸರು ಬದಲಾಯಿತೇ ಹೊರತು ಗೋಡೆ ಕದಲಲಿಲ್ಲ. ಚಕ್ ಬೆರ್ರಿ, ಲಿಟಲ್ ರಿಚರ್ಡ್ ಕಟ್ಟಿದ ರಾಕ್ ಸಂಗೀತ ಎಪ್ಪತ್ತರ ದಶಕದ ಹೊತ್ತಿಗೆ 'ಬಿಳಿಯರ ಸಂಗೀತ' ಆಗಿಬಿಟ್ಟಿತ್ತು! ರಾಕ್ ರೇಡಿಯೋದವರಿಗೆ ಕರಿಯ ಹುಡುಗರ ತಂಡ ಬೇಡ, ಕರಿಯರ ರೇಡಿಯೋದವರಿಗೆ ಗಿಟಾರಿನ ಗಲಾಟೆ ಬೇಡ. ಎಂಟಿವಿ ಶುರುವಿನ ವರ್ಷಗಳಲ್ಲಿ ಕರಿಯ ಕಲಾವಿದರನ್ನು ಎಷ್ಟು ಕಡಿಮೆ ತೋರಿಸುತ್ತಿತ್ತು ಅಂದರೆ, 1983ರಲ್ಲಿ ಡೇವಿಡ್ ಬೋವಿ ಆ ಚಾನೆಲ್ಲಿನ ಸಂದರ್ಶನದಲ್ಲೇ ಕೂತು ಯಾಕೆ ಹೀಗೆ ಅಂತ ಕೇಳಿದ್ದ.

ಇದರ ವಿರುದ್ಧ 1985ರಲ್ಲಿ ನ್ಯೂಯಾರ್ಕಿನಲ್ಲಿ ಗಿಟಾರಿಸ್ಟ್ ವರ್ನನ್ ರೀಡ್, ಲೇಖಕ ಗ್ರೆಗ್ ಟೇಟ್ ಮತ್ತು ಕೋಂಡಾ ಮೇಸನ್ ಸೇರಿ 'ಬ್ಲ್ಯಾಕ್ ರಾಕ್ ಕೊಅಲಿಶನ್' ಅಂತ ಕೂಟ ಕಟ್ಟಿದರು. ರೀಡ್‌ನ ತಂಡ ಲಿವಿಂಗ್ ಕಲರ್ 1988ರಲ್ಲಿ 'ವಿವಿಡ್' ಆಲ್ಬಂ ತಂದು ದೊಡ್ಡದಾಗಿ ಗೆದ್ದಿತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಲಿವಿಂಗ್ ಕಲರ್ ಅನ್ನು ಕಡೇಪಕ್ಷ ಹಾರ್ಡ್ ರಾಕ್ ಶೆಲ್ಫಿನಲ್ಲಿಡಬಹುದಿತ್ತು. ಒಂದೇ ಆಲ್ಬಮ್ಮಿನಲ್ಲಿ ಸ್ಕಾ, ಮೆಟಲ್, ಗಾಸ್ಪೆಲ್, ಫಂಕ್ ನುಡಿಸುವ ಫಿಶ್‌ಬೋನನ್ನು ಎಲ್ಲಿಡುವುದು? ಚರ್ಮದ ಬಣ್ಣದ ತೊಡಕು ಒಂದು ಕಡೆ, ಒಂದು ಗೂಡಿನಲ್ಲಿ ಕೂರಲು ಒಲ್ಲದ ಹಟ ಇನ್ನೊಂದು ಕಡೆ.

ವೇದಿಕೆಗೆ ಶೆಲ್ಫ್ ಇಲ್ಲವಲ್ಲ! ಅಲ್ಲಿ ಯಾರೂ ಇದು ಯಾವ ವಿಭಾಗ ಅಂತ ಕೇಳುವುದಿಲ್ಲ. ಫಿಶ್‌ಬೋನ್ ತಾನು ಏನೋ ಅದೇ ಆಗಿರಲು ಸಾಧ್ಯವಿದ್ದ ಜಾಗ ಅದೊಂದೇ. ಹಾಗಾಗಿ 'ಅವರಿಗೆ ವೇದಿಕೆ ಎಂದರೆ ಪ್ರೀತಿ' ಅನ್ನುವುದನ್ನು ನಾನು ಬರೀ ಸ್ವಭಾವ ಅಂತ ಓದುವುದಿಲ್ಲ. ಬೇರೆ ಎಲ್ಲ ಕಡೆ ಅರ್ಧರ್ಧ ಆಗಬೇಕಾಗಿ ಬಂದವರಿಗೆ ಪೂರ್ತಿ ಆಗಲು ಸಿಕ್ಕ ಜಾಗದ ಮೇಲಿನ ಪ್ರೀತಿ ಅದು.

ಹಳೆಯ ವಿಡಿಯೋಗಳನ್ನು ನೋಡಿದರೆ ಗೊತ್ತಾಗುತ್ತೆ. ಆಂಜೆಲೊ ಮೂರ್ ಹಾಡುತ್ತಾ ಇರುವಾಗಲೇ ಪಲ್ಟಿ ಹೊಡೆಯುತ್ತಾನೆ, ಸಣ್ಣದರಿಂದ ಹಿಡಿದು ಆಳೆತ್ತರದ ಸ್ಯಾಕ್ಸೊಫೋನಿನವರೆಗೆ ಬದಲಾಯಿಸಿ ಊದುತ್ತಾನೆ, ಮುಟ್ಟದೆಯೇ ನುಡಿಯುವ ತೆರೆಮಿನ್ ಎಂಬ ವಾದ್ಯದ ಮುಂದೆ ಮಂತ್ರವಾದಿಯ ಹಾಗೆ ಕೈಯಾಡಿಸುತ್ತಾನೆ. ಇದ್ದಕ್ಕಿದ್ದಂತೆ ಜನರ ಮೇಲೆ ಹಾರಿ, ಅವರ ಕೈಗಳ ಮೇಲೆ ತೇಲುತ್ತಾ ಹೋಗುತ್ತಾನೆ. ಉಳಿದವರೂ ಕಡಿಮೆ ಇಲ್ಲ. ಟ್ರಾಂಬೋನ್ ಹಿಡಿದವನು ಓಡುತ್ತಾನೆ, ಗಿಟಾರಿನವನು ನೆಗೆಯುತ್ತಾನೆ. ಇಷ್ಟು ಗದ್ದಲದಲ್ಲಿ ಒಂದು ಪೆಟ್ಟೂ ತಪ್ಪುವುದಿಲ್ಲ, ಅದು ನನಗೆ ಬೆರಗು. ಅದರ ಹಿಂದೆ ಇರುವುದು ನಾರ್ವುಡ್. ಅವನ ಬೇಸ್ ಕಂಬದ ಹಾಗೆ. ಎಲ್ಲರೂ ಅದರ ಸುತ್ತ ಎಷ್ಟು ದೂರ ಓಡಿದರೂ ಸಮಕ್ಕೆ ಸರಿಯಾಗಿ ವಾಪಸ್ ಬರುತ್ತಾರೆ.

1991 ಇವರ ಏರುಕಾಲ. ಆ ವರ್ಷ 'ದಿ ರಿಯಾಲಿಟಿ ಆಫ್ ಮೈ ಸರೌಂಡಿಂಗ್ಸ್' ಬಂತು. ಅದರ 'ಸನ್‌ಲೆಸ್ ಸ್ಯಾಟರ್ಡೇ' ಹಾಡಿನ ವಿಡಿಯೋ ಮಾಡಿದ್ದು ನಿರ್ದೇಶಕ ಸ್ಪೈಕ್ ಲೀ. 1991ರ ಮಾರ್ಚ್ 23ರಂದು 'ಸ್ಯಾಟರ್ಡೇ ನೈಟ್ ಲೈವ್' ಟಿವಿ ಕಾರ್ಯಕ್ರಮದಲ್ಲಿ ನುಡಿಸಿದರು. ಇದಕ್ಕೆ 20 ದಿನ ಮುಂಚೆ, ಮಾರ್ಚ್ 3ರಂದು, ಇವರದೇ ಊರಿನಲ್ಲಿ ರಾಡ್ನಿ ಕಿಂಗ್ ಎಂಬ ಕರಿಯನನ್ನು ಪೊಲೀಸರು ಬಡಿದ ಘಟನೆ ನಡೆದಿತ್ತು, ಅದರ ವಿಡಿಯೋ ದೇಶವೆಲ್ಲ ನೋಡಿತ್ತು. ಆ ಹಿನ್ನೆಲೆ ಗೊತ್ತಿದ್ದು ಈ ಕಾರ್ಯಕ್ರಮ ನೋಡಿದರೆ ಆ ಕುಣಿತ ಬೇರೆಯೇ ಕಾಣುತ್ತೆ. ದೇಶದ ದೊಡ್ಡ ಟಿವಿಯಲ್ಲಿ, ಶನಿವಾರ ರಾತ್ರಿ, ಲಾಸ್ ಏಂಜಲೀಸಿನ ಕರಿಯ ಹುಡುಗರ ಗುಂಪೊಂದು ಯಾರ ಅಪ್ಪಣೆಯನ್ನೂ ಕೇಳದೆ ವೇದಿಕೆಯ ತುಂಬಾ ಹಾರಾಡುತ್ತಿದೆ. ಮರುವರ್ಷ ಆ ಪೊಲೀಸರು ಬಿಡುಗಡೆಯಾದ ತೀರ್ಪು ಬಂದಾಗ ಅದೇ ಸೌತ್ ಸೆಂಟ್ರಲ್ ಹೊತ್ತಿ ಉರಿಯಿತು.

ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 49ನೇ ಸ್ಥಾನದವರೆಗೆ ಹೋಯಿತು. 1993ರಲ್ಲಿ ಇನ್ನೊಂದು ಆಲ್ಬಂ, ಜೊತೆಗೆ ಲೊಲಪಲೂಜಾ ಎಂಬ ಆ ಕಾಲದ ಅತಿ ದೊಡ್ಡ ಸಂಚಾರಿ ಉತ್ಸವದಲ್ಲಿ ಪ್ರೈಮಸ್, ಆಲಿಸ್ ಇನ್ ಚೈನ್ಸ್ ಜೊತೆಗೆ ಮುಖ್ಯ ವೇದಿಕೆ. ಇನ್ನೇನು ಆಯಿತು ಅನ್ನುವಷ್ಟರಲ್ಲಿ ಮನೆಯೊಳಗೇ ಬಿರುಕು. ಗಿಟಾರಿಸ್ಟ್ ಕೆಂಡಲ್ ಜೋನ್ಸ್ ತಂಡ ಬಿಟ್ಟು, ಕಟ್ಟುನಿಟ್ಟಿನ ಒಂದು ಧಾರ್ಮಿಕ ಗುಂಪಿನ ಕಡೆ ಹೋದ. ಅವನ ಮನಸ್ಸು ಸರಿಯಿಲ್ಲ ಅಂತ ಹೆದರಿದ ನಾರ್ವುಡ್ ಮತ್ತು ಮನೆಯವರು ಅವನನ್ನು ಕರೆತರಲು ಹೋದರು. ಅದು ಅಪಹರಣದ ಕೇಸಾಯಿತು! ವಿಚಾರಣೆ ನಡೆದು ನಾರ್ವುಡ್ ನಿರ್ದೋಷಿ ಅಂತ ತೀರ್ಮಾನವಾಯಿತು. ಆದರೆ ಹದಿಮೂರನೇ ವಯಸ್ಸಿನ ಗೆಳೆತನ ಕೋರ್ಟು ಹತ್ತಿದ ಮೇಲೆ ಏನು ಉಳಿಯುತ್ತೆ ಹೇಳಿ. 1994ರಲ್ಲಿ ಕ್ರಿಸ್ ಡೌಡ್ ಬಿಟ್ಟ. ಕೊಲಂಬಿಯಾದ ಸಹವಾಸವೂ ಮುಗಿಯಿತು. 1998ರಲ್ಲಿ ಸ್ವಂತ ತಮ್ಮ ಫಿಶ್ ಕೂಡ ಹೋದ. ನಡುವೆ 1996ರಲ್ಲಿ ಒಂದು, 2000ದಲ್ಲಿ ಒಂದು, ಬೇರೆ ಬೇರೆ ಕಂಪನಿಗಳಿಂದ ಆಲ್ಬಂ ಬಂದವು, ನಿಲ್ಲಲಿಲ್ಲ.

ನಿಜವಾದ ಕತೆ ಶುರುವಾಗುವುದು ಇಲ್ಲಿಂದ. ಚರಿತ್ರೆ ಪುಸ್ತಕಗಳು ಪುಟ ಮುಚ್ಚುವುದೂ ಇಲ್ಲೇ.

ಕಂಪನಿ ಇದ್ದಾಗ ತಿರುಗಾಟ ಅಂದರೆ ಹೊಸ ರೆಕಾರ್ಡಿನ ಪ್ರಚಾರ. ಕಂಪನಿ ಇಲ್ಲದಾಗ ತಿರುಗಾಟವೇ ಹೊಟ್ಟೆಪಾಡು. ಲೆಕ್ಕ ಸರಳ, ಕ್ರೂರ. ಕ್ಲಬ್ಬಿನವನು ಕೊಡುವುದು ಒಂದು ನಿಗದಿ ಮೊತ್ತ, ಇಲ್ಲವೇ ಟಿಕೆಟ್ ದುಡ್ಡಿನಲ್ಲಿ ಇಷ್ಟು ಪಾಲು. ಅದರಲ್ಲೇ ಗಾಡಿ ಬಾಡಿಗೆ, ಪೆಟ್ರೋಲು, ಸೌಂಡಿನವನ ಸಂಬಳ, ಹೋಟೆಲು, ಊಟ. ಹಾಲಿನ ಮೂಲೆಯಲ್ಲಿ ಮೇಜು ಹಾಕಿ ಟೀ ಶರ್ಟು, ಸಿಡಿ ಮಾರಿದರೆ ಎಷ್ಟೋ ರಾತ್ರಿ ಅದೇ ಲಾಭ. ಮೂವರ ತಂಡಕ್ಕೆ ಇದು ಹೇಗೋ ಸರಿಹೋಗುತ್ತೆ. ಕಹಳೆ, ಕೀಬೋರ್ಡು ಎಲ್ಲ ಸೇರಿ ಆರೇಳು ಜನರ ತಂಡ ಅಂದರೆ ಆರೇಳು ಊಟ, ಆರೇಳು ಹಾಸಿಗೆ, ವಿದೇಶಕ್ಕೆ ಹೋದರೆ ಆರೇಳು ವಿಮಾನದ ಟಿಕೆಟ್. ಸಿಗುವ ಮೊತ್ತ ಮಾತ್ರ ಒಂದೇ. ಖರ್ಚು ಉಳಿಸಬೇಕಾದರೆ ಕಹಳೆಯವರನ್ನು ಬಿಟ್ಟು ಕೀಬೋರ್ಡಿನಲ್ಲೇ ಆ ನಾದ ಬಾರಿಸಿಬಿಡಬಹುದಿತ್ತು. ಎಷ್ಟೋ ತಂಡಗಳು ಹಾಗೆ ಮಾಡಿವೆ. ಇವರು ಮಾಡಲಿಲ್ಲ. ಊದುವವರು ಕಣ್ಣೆದುರು ನಿಂತು ಊದಬೇಕು.

ನಮ್ಮಲ್ಲಿ ಯಕ್ಷಗಾನ ಮೇಳದವರು ವರ್ಷದ ಆಟಗಳ ಸರಣಿಗೆ 'ತಿರುಗಾಟ' ಅಂತಾರಲ್ಲ, ನಾನು ಆ ಪದವನ್ನೇ ಇಲ್ಲಿ ಬಳಸುತ್ತಿರುವುದು ಸುಮ್ಮನೆ ಅಲ್ಲ. ಟೂರ್ ಅಂದರೆ ಹೋಗಿ ಬರುವುದು. ತಿರುಗಾಟ ಅಂದರೆ ಅದೇ ಬದುಕು.

2002ರಲ್ಲಿ ಸಾಂಟಾ ಮೋನಿಕಾದ 'ಟೆಂಪಲ್ ಬಾರ್'ನಲ್ಲಿ ನುಡಿಸಿದ್ದನ್ನೇ ಆಲ್ಬಂ ಮಾಡಿ ಹೊರತಂದರು. ಸಾಮಾನ್ಯವಾಗಿ ಲೈವ್ ಆಲ್ಬಂ ಅಂದರೆ ಹಳೆಯ ಜನಪ್ರಿಯ ಹಾಡುಗಳ ಸಂಕಲನ. ಇವರು ಹೊಸ ಹಾಡುಗಳನ್ನೇ ಜನರ ಎದುರು ನುಡಿಸಿ ಮುದ್ರಿಸಿದರು. ಮೊದಲು ಸ್ಟುಡಿಯೋ, ಆಮೇಲೆ ವೇದಿಕೆ ಅನ್ನುವ ಕ್ರಮವನ್ನೇ ತಲೆಕೆಳಗು ಮಾಡಿದ ಹಾಗೆ. 2006ರಲ್ಲಿ ಬಂದ ಸ್ಟುಡಿಯೋ ಆಲ್ಬಮ್ಮಿಗೆ ಇಟ್ಟ ಹೆಸರು 'ಸ್ಟಿಲ್ ಸ್ಟಕ್ ಇನ್ ಯುವರ್ ಥ್ರೋಟ್', ಅಂದರೆ ಇನ್ನೂ ನಿಮ್ಮ ಗಂಟಲಲ್ಲೇ ಸಿಕ್ಕಿಕೊಂಡಿದ್ದೇವೆ ಅಂತ. ಫಿಶ್‌ಬೋನ್ ಅಂದರೆ ಮೀನಿನ ಮುಳ್ಳು ತಾನೇ? ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ. ಸಂಗೀತ ಉದ್ಯಮಕ್ಕೆ ಇದಕ್ಕಿಂತ ಚೆನ್ನಾಗಿ ಯಾರೂ ಉತ್ತರ ಕೊಟ್ಟಿಲ್ಲ ಅನ್ನಿಸುತ್ತೆ :)

ಇಷ್ಟು ಹೇಳಿ ನಿಲ್ಲಿಸಿದರೆ ಇದು ಬರೀ ಅಭಿಮಾನಿಯ ಬರಹ ಆಗಿಬಿಡುತ್ತೆ. ಇದರ ಇನ್ನೊಂದು ಮುಖವನ್ನೂ ಹೇಳಬೇಕು.

2010ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಒಂದು ಕಾರ್ಯಕ್ರಮದಲ್ಲಿ ಆಂಜೆಲೊ ಎಂದಿನಂತೆ ವೇದಿಕೆಯಿಂದ ಜನರ ಮೇಲೆ ಹಾರಿದ. ಕೆಳಗಿದ್ದ ಒಬ್ಬ ಹೆಂಗಸಿಗೆ ಬಲವಾದ ಪೆಟ್ಟಾಯಿತು. ತಲೆಬುರುಡೆಗೂ ಕೊರಳೆಲುಬಿಗೂ ಏಟು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2014ರಲ್ಲಿ ಸುಮಾರು 14 ಲಕ್ಷ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಟೀ ಶರ್ಟು ಮಾರಿ ಪೆಟ್ರೋಲು ಹಾಕಿಸುವ ತಂಡಕ್ಕೆ 14 ಲಕ್ಷ ಡಾಲರ್!

ಇದನ್ನು ಓದಿದಾಗ ಬಹಳ ಅಭಿಮಾನಿಗಳಿಗೆ ತಂಡದ ಮೇಲೆ ಕನಿಕರ ಬಂತು. ನನಗೆ ಆ ಹೆಂಗಸಿನ ಕಡೆಯೇ ನಿಲ್ಲಬೇಕು ಅನ್ನಿಸುತ್ತೆ. ಜನರ ಮೇಲೆ ಹಾರುವುದು ಅಂದರೆ ನಂಬಿಕೆ ಅಂತ ನಾವು ಕವಿತೆ ಕಟ್ಟಬಹುದು. ಆದರೆ ನಂಬಿಕೆ ಎರಡೂ ಕಡೆಯಿಂದ ಇರಬೇಕಲ್ಲ? ಹಾರುವವನು ತಯಾರಾಗಿರುತ್ತಾನೆ, ಹಿಡಿಯುವವಳು ತಯಾರಾಗಿರುವುದಿಲ್ಲ. ಟಿಕೆಟ್ ಕೊಂಡು ಹಾಡು ಕೇಳಲು ಬಂದವಳ ತಲೆ ಒಡೆಯುವ ಹಕ್ಕು ಎಷ್ಟೇ ದೊಡ್ಡ ಕಲಾವಿದನಿಗೂ ಇಲ್ಲ. ವೇದಿಕೆಯ ಪ್ರೀತಿ ಎಲ್ಲ ಪ್ರೀತಿಗಳ ಹಾಗೆ ಕುರುಡಾಗಬಲ್ಲದು, ಅದರ ಬೆಲೆ ಒಮ್ಮೊಮ್ಮೆ ಎದುರಿಗೆ ನಿಂತವರು ತೆರಬೇಕಾಗುತ್ತೆ. ಫಿಶ್‌ಬೋನ್ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಬಾರದು.

ಅದೇ 2010ರಲ್ಲಿ ಲೆವ್ ಆಂಡರ್ಸನ್ ಮತ್ತು ಕ್ರಿಸ್ ಮೆಟ್ಜ್‌ಲರ್ ಸೇರಿ ಈ ತಂಡದ ಮೇಲೆ 'ಎವ್ರಿಡೇ ಸನ್‌ಶೈನ್' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ನಿರೂಪಣೆ ನಟ ಲಾರೆನ್ಸ್ ಫಿಶ್‌ಬರ್ನ್. ಅದರಲ್ಲಿ ರೆಡ್ ಹಾಟ್ ಚಿಲಿ ಪೆಪ್ಪರ್ಸ್‌ನ ಫ್ಲೀ, ನೋ ಡೌಟ್‌ನ ಗ್ವೆನ್ ಸ್ಟೆಫಾನಿ, ಐಸ್-ಟಿ, ಜಾರ್ಜ್ ಕ್ಲಿಂಟನ್ ಎಲ್ಲರೂ ಬಂದು ಫಿಶ್‌ಬೋನನ್ನು ಕೊಂಡಾಡುತ್ತಾರೆ. ಈಗ ಲೆಕ್ಕ ನೋಡಿ. ಚಿಲಿ ಪೆಪ್ಪರ್ಸ್ ಇವರ ಜೊತೆಗೇ ಲಾಸ್ ಏಂಜಲೀಸಿನ ಕ್ಲಬ್ಬುಗಳಲ್ಲಿ ಬೆಳೆದ, ಫಂಕ್ ಮತ್ತು ಪಂಕ್ ಬೆರೆಸಿದ ಬಿಳಿಯರ ತಂಡ. ಅವರ 1991ರ ಆಲ್ಬಂ ಅಮೆರಿಕ ಒಂದರಲ್ಲೇ 70 ಲಕ್ಷಕ್ಕೆ ಪ್ರಮಾಣಪತ್ರ ಪಡೆಯಿತು. ಸ್ಕಾ ನುಡಿಸುತ್ತಿದ್ದ ನೋ ಡೌಟ್‌ನ 1995ರ 'ಟ್ರ್ಯಾಜಿಕ್ ಕಿಂಗ್‌ಡಮ್' ಒಂದು ಕೋಟಿ ದಾಟಿತು. ಫಿಶ್‌ಬೋನ್ 49ನೇ ಸ್ಥಾನ.

ಸಾಕ್ಷ್ಯಚಿತ್ರ ಚೆನ್ನಾಗಿದೆ, ಸಿಕ್ಕರೆ ಖಂಡಿತ ನೋಡಿ. ಆದರೆ ಅದರ ದಾಟಿಗೆ ನನ್ನ ಒಂದು ತಕರಾರು. ಒಟ್ಟಾರೆ ಅದು 'ಗೆಲ್ಲಬೇಕಾಗಿದ್ದು ಗೆಲ್ಲದವರ' ಕತೆಯಾಗಿ ಕಾಣುತ್ತೆ. ಅನ್ಯಾಯ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಬಿಳಿಯರ ಕೈಯಲ್ಲಿ ಕೋಟಿ ಮಾರಿದ ಸರಕು ಕರಿಯರ ಕೈಯಲ್ಲಿ ಮಾರಲಿಲ್ಲ ಅನ್ನುವುದು ಆ ದೇಶದಲ್ಲಿ ಹಳೆಯ ಕತೆ. ಆದರೆ ಅದೊಂದೇ ಕತೆ ಅಂದುಬಿಟ್ಟರೆ ಇಷ್ಟು ವರ್ಷ ಇವರು ಮಾಡಿದ್ದೆಲ್ಲ ಬರೀ ಕಾಯುವಿಕೆ ಆಗಿಬಿಡುತ್ತೆ. ಯಾವುದೋ ಬಸ್ ತಪ್ಪಿಸಿಕೊಂಡು ನಿಲ್ದಾಣದಲ್ಲಿ ಕೂತವರ ಹಾಗೆ. ನಾನು ಕಂಡ ವಿಡಿಯೋಗಳಲ್ಲಿ ಅವರು ಕಾಯುತ್ತಿರುವವರ ಹಾಗೆ ಕಾಣುವುದಿಲ್ಲ. ಸಣ್ಣ ಹಾಲಿನಲ್ಲಿ ಕೆಲವೇ ನೂರು ಜನ ಇದ್ದರೂ ಅವತ್ತಿನ ಕೆಲಸ ಅವತ್ತೇ ಪೂರ್ತಿ ಮಾಡಿ ಇಳಿಯುತ್ತಾರೆ. ರೆಕಾರ್ಡ್ ಅವರಿಗೆ ಕರಪತ್ರ, ಆಟ ನಡೆಯುವುದು ರಾತ್ರಿ.

ಮತ್ತೆ, ಗ್ವೆನ್ ಸ್ಟೆಫಾನಿಯಂಥವರು ಇವರಿಂದ ಕಲಿತದ್ದು ಎಲ್ಲಿ? ಮುಖ್ಯವಾಗಿ ಹಾಲಿನಲ್ಲಿ, ಜನರ ನಡುವೆ ನಿಂತು. ಅಂದರೆ ಆ ರಾತ್ರಿಗಳು ಎಲ್ಲೂ ದಾಖಲಾಗದಿದ್ದರೂ ಕಳೆದುಹೋಗಲಿಲ್ಲ. ಬೇರೆಯವರ ಕೋಟಿ ಮಾರಾಟದ ಆಲ್ಬಂಗಳ ಒಳಗೆ ಅವು ಸೇರಿಕೊಂಡಿವೆ. ಮಾರಾಟದ ಅಂಕಿ ಹಿಡಿದು ಬರೆದ ಚರಿತ್ರೆಗೆ ಈ ದಾರಿ ಕಾಣುವುದೇ ಇಲ್ಲ.

ಆಮೇಲೇನಾಯಿತು? 2011ರಲ್ಲಿ, 2014ರಲ್ಲಿ ಪುಟ್ಟ ರೆಕಾರ್ಡುಗಳು ಬಂದವು. ಕ್ರಿಸ್ ಡೌಡ್ ಎರಡು ದಶಕಕ್ಕೂ ಹೆಚ್ಚು ಕಾಲದ ನಂತರ ತಂಡಕ್ಕೆ ಮರಳಿದ. 2020ರಲ್ಲಿ ಕೊರೊನಾ ಬಂದು ಜಗತ್ತಿನ ಎಲ್ಲ ವೇದಿಕೆಗಳ ದೀಪ ಆರಿತು. ತಿರುಗಾಟದಲ್ಲೇ ಬದುಕುವವರಿಗೆ ಅದರಂಥ ಹೊಡೆತ ಇನ್ನೊಂದಿಲ್ಲ. ಅದನ್ನೂ ದಾಟಿದರು. 2023ರಲ್ಲಿ ಹೊಸ ರೆಕಾರ್ಡು ತಂದರು. 2024ರಲ್ಲಿ ಮತ್ತೊಂದು ದೊಡ್ಡ ಬಿರುಕು, ಇಷ್ಟು ವರ್ಷ ಕಂಬವಾಗಿದ್ದ ನಾರ್ವುಡ್ ಫಿಶರನೇ ಹೊರಬಂದ. ಆಂಜೆಲೊ ಮತ್ತು ಕ್ರಿಸ್ ಹೊಸಬರನ್ನು ಸೇರಿಸಿಕೊಂಡು 2025ರಲ್ಲಿ 'ಸ್ಟಾಕ್‌ಹೋಮ್ ಸಿಂಡ್ರೋಮ್' ಎಂಬ ಆಲ್ಬಂ ಹೊರತಂದರು. ನಾರ್ವುಡ್ ಇಲ್ಲದ ಫಿಶ್‌ಬೋನ್ ಫಿಶ್‌ಬೋನೇ ಹೌದಾ ಅಂತ ಅಭಿಮಾನಿಗಳು ಜಗಳಾಡಬಹುದು. ನನಗೂ ಆ ಬೇಸ್ ಇಲ್ಲದೆ ಏನೋ ಖಾಲಿ ಅನ್ನಿಸುತ್ತೆ. ಆದರೆ ಆಂಜೆಲೊ ಮೂರ್ ಅರವತ್ತು ಮುಟ್ಟಿದ ಮೇಲೂ ಸ್ಯಾಕ್ಸೊಫೋನ್ ಕೊರಳಿಗೆ ಹಾಕಿಕೊಂಡು ವೇದಿಕೆ ಹತ್ತುತ್ತಿದ್ದಾನೆ ಅನ್ನುವುದನ್ನು ಜಗಳದ ನಡುವೆ ಮರೆಯಬಾರದು.

ಮೂರು ವರ್ಷವೂ ನಡೆಯದ ಒಂದು ಬಸ್ ಯೋಜನೆಯನ್ನು ಅಮೆರಿಕದ ಬಹಳ ಜನ ಸೋತ ಪ್ರಯೋಗ ಅಂತಾರೆ. ಆ ಬಸ್ಸಿನಿಂದ ಇಳಿದ ಹುಡುಗರು ಕಟ್ಟಿದ ತಂಡವನ್ನೂ ಅದೇ ಬಾಯಲ್ಲಿ ಸೋತ ತಂಡ ಅಂತಾರೆ. ಬಸ್ಸು ನಿಂತು ನಲವತ್ತು ವರ್ಷದ ಮೇಲಾಯಿತು. ಬಸ್ಸಿನಿಂದ ಹುಟ್ಟಿದ ಕುಣಿತ ಮಾತ್ರ ಇನ್ನೂ ನಿಂತಿಲ್ಲ.

ಹೊಸದಾಗಿ ಕೇಳುವವರು 1988ರ 'ಟ್ರುತ್ ಅಂಡ್ ಸೋಲ್'ನಿಂದ ಶುರುಮಾಡಿ. ಅದರಲ್ಲಿ ಕರ್ಟಿಸ್ ಮೇಫೀಲ್ಡನ ಹಳೆಯ ಹಾಡು 'ಫ್ರೆಡೀಸ್ ಡೆಡ್' ಅನ್ನು ಇವರು ಗಿಟಾರ್ ಹಾಕಿ ನುಡಿಸಿದ್ದಾರೆ, ಫಂಕ್ ಎಲ್ಲಿ ಮುಗಿದು ರಾಕ್ ಎಲ್ಲಿ ಶುರು ಅಂತ ಗೊತ್ತಾಗುವುದಿಲ್ಲ. ಆಮೇಲೆ 1991ರ ಆಲ್ಬಂ. ಅದಾದ ಮೇಲೆ ಯಾವುದಾದರೂ ಲೈವ್ ವಿಡಿಯೋ ಹಾಕಿಕೊಳ್ಳಿ, ದೊಡ್ಡ ಸ್ಪೀಕರಿನಲ್ಲಿ. ದಯವಿಟ್ಟು ಕೂತುಕೊಂಡು ನೋಡಬೇಡಿ.